ಚುಕ್ಕೆಗೆ ಚುಕ್ಕೆ

ಮಾರ್ಚ್ 4, ಮಂಗಳವಾರ

ಗಾಳಪ್ರಿಯರೇ, ಜಾಲಪ್ರಿಯರೇ, ಎರಡೂ ಇಲ್ಲದೆ ಬರಿದೇ ದಡದಲ್ಲಿ ಕೂತು ಕಾಲಹರಣಪ್ರಿಯರಾದ ಮಹಾಸಭಿಕರೇ,

ಸದರಿ ಸಭೆಯನ್ನು ಈ ಇನ್ನೂರು ಪುಟದ ನೋಟುಪುಸ್ತಕದಲ್ಲಿ ಕರೆಯಲಾಗಿದೆ. ಅಧ್ಯಕ್ಷ ನಾನೇ, ಸ್ವಾಗತ ನನ್ನದೇ, ವಂದನಾರ್ಪಣೆಯ ಹೊತ್ತಿಗೆ ಕುರ್ಚಿ ಬಿಡದೆ ಉಳಿದಿರುವವನೂ ನಾನೊಬ್ಬನೇ. ಚರ್ಚೆಯ ವಿಷಯ: ಭಾವನ ರೀಲಿನ ಓಟ, ಈ ಮನೆಯ ಪರದಾಟ.

ಸಭೆಗೆ ನನ್ನ ಪರಿಚಯ. ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಇಪ್ಪತ್ತು ವರ್ಷದಿಂದ ಊರವರ ತಪ್ಪು ಹುಡುಕಿ ಹೊಟ್ಟೆ ಹೊರೆದುಕೊಂಡವನು. ಯಂತ್ರಗಳ ದುರಸ್ತಿಗೆಂದು ಮೂರು ವಾರ ಅಚ್ಚುಮನೆ ಮುಚ್ಚಿದೆ. ಬೇರೆಲ್ಲೂ ಹೋಗಲು ತೋಚದೆ ಅಕ್ಕನ ಮನೆಗೆ ಬಂದೆ. ಬಂದ ನಾಲ್ಕನೆಯ ದಿನ, ಮೊನ್ನೆ ಭಾನುವಾರ, ಇದು ನಡೆಯಿತು.

ಬಂದರಿನ ಹಳೆಯ ಕಟ್ಟೆಯ ಮೇಲೆ ನಾವು ಮೂವರು. ಭಾವನ ಕೈಯಲ್ಲಿ ಗಾಳದ ಕೋಲು. ಅಕ್ಕ ಪಕ್ಕದಲ್ಲಿ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು. ಗಾಳಿ ತಿರುಗಿತು, ಏಳೋಣ ಎಂದಳು. ಇದೊಂದು ಎಸೆತ ಎಂದರು ಭಾವ. ಎಸೆದರು. ಕರ್ರ್ ಎಂದು ಸದ್ದಾಯಿತು, ಅರ್ಧ ದಾರಿಯಲ್ಲಿ ದಾರ ಥಟ್ಟನೆ ನಿಂತಿತು. ತುದಿಯಲ್ಲಿದ್ದ ತಗಡಿನ ಮೀನು, ಎಂದರೆ ನಿಜವಾದ ಮೀನಿಗೆ ಆಸೆ ತೋರಿಸಲು ಕಟ್ಟುವ ಮೂರು ಬೆರಳುದ್ದದ ಸುಳ್ಳು ಮೀನು, ರಬ್ಬರಿಗೆ ಕಟ್ಟಿದಂತೆ ಹಿಂದಕ್ಕೆ ಚಿಮ್ಮಿ ಅಕ್ಕನ ಬಲಗಣ್ಣಿಗೆ ಬಡಿಯಿತು.

ಕಣ್ಣೊಳಗೆ ರಕ್ತ ಇಳಿದಿದೆ ಎಂದರು ಡಾಕ್ಟರು. ತಲೆ ಎತ್ತರಿಸಿ ಮಲಗಬೇಕು, ಬಗ್ಗಬಾರದು, ಭಾರ ಎತ್ತಬಾರದು. ಹದಿನಾಲ್ಕರಂದು ಪಟ್ಟಿ ಬಿಚ್ಚುತ್ತಾರಂತೆ. ದೃಷ್ಟಿ ಉಳಿದಿದೆಯೋ ಇಲ್ಲವೋ ಆಗಲೇ ತಿಳಿಯುವುದು.

ಭಾವ ಬಂದರಿನಲ್ಲಿ ಕ್ರೇನು ನಡೆಸುವವರು. ಇಪ್ಪತ್ತಾರು ವರ್ಷದಲ್ಲಿ ಒಂದು ಪೆಟ್ಟಿಗೆಯ ಮೂಲೆ ಕೂಡ ಜಜ್ಜಿಸಿದವರಲ್ಲ. ಭಾನುವಾರದಿಂದ ಅವರು ಆಡುತ್ತಿರುವುದು ಒಂದೇ ಮಾತು: "ಹೆಬ್ಬೆರಳು ಕೈಕೊಡ್ತು." ಈ ಬಗೆಯ ರೀಲಿನಲ್ಲಿ ದಾರ ಸುತ್ತಿದ ಉರುಳೆ ಎಸೆತದ ಜೊತೆ ತಾನೂ ತಿರುಗುತ್ತದೆ, ಅದರ ಮೇಲೆ ಹೆಬ್ಬೆರಳನ್ನು ಹಗುರವಾಗಿ ಇಟ್ಟು ವೇಗ ಹಿಡಿಯಬೇಕು. ತಮ್ಮ ಬೆರಳು ಹಿಡಿಯಲಿಲ್ಲ ಎಂಬುದು ಅವರ ತೀರ್ಮಾನ.

ಹೆಬ್ಬೆರಳು ನಿರಪರಾಧಿ ಎಂದು ತೋರಿಸಲು ಈ ಸಭೆ ಪಣ ತೊಟ್ಟಿದೆ. ಚಪ್ಪಾಳೆ.

ಮಾರ್ಚ್ 5, ಬುಧವಾರ

ಇಂದಿನ ಪಾಠ: ಅಂಗರಚನೆ.

ಬಾಗಿಲ ಹಿಂದೆ ಒರಗಿಸಿದ್ದ ಕೋಲಿನಿಂದ ರೀಲು ಬಿಚ್ಚಿ ನನ್ನ ಕೋಣೆಗೆ ತಂದೆ. ಉರುಳೆಯ ಮೇಲೆ ಭಾನುವಾರದ ಗಂಟು ಹಾಗೇ ಇದೆ. ಆಸ್ಪತ್ರೆಗೆ ಓಡುವ ಆತುರದಲ್ಲಿ ಭಾವ ಹೊರಗಿನ ದಾರವನ್ನು ಕತ್ತರಿಸಿದ್ದು ಬಿಟ್ಟರೆ ಅಂದಿನಿಂದ ಯಾರೂ ಮುಟ್ಟಿಲ್ಲ. ಇಂಥ ಗಂಟಿಗೆ ಗಾಳದವರು ಗೂಡು ಎನ್ನುತ್ತಾರೆ. ನೋಡಿದರೆ ಹಾಗೇ ಇದೆ, ಮೊಟ್ಟೆಯೊಂದು ಬಾಕಿ.

ರೀಲಿನ ಡಬ್ಬಿಯಲ್ಲಿ ಒಂದು ಕೈಪಿಡಿ ಸಿಕ್ಕಿತು. ಕೆಂಪು ಪೆನ್ನಿನಲ್ಲಿ ಹದಿನಾಲ್ಕು ತಪ್ಪು ತಿದ್ದಿದ ಮೇಲೆ ಒಂದು ವಾಕ್ಯ ಅರ್ಥವಾಯಿತು. ಸಾರಾಂಶ ಇಷ್ಟು. ಹಿಡಿಕೆಯ ಬುಡದಲ್ಲಿರುವ ನಕ್ಷತ್ರದಂಥ ಚಕ್ರ ಸಿಕ್ಕ ಮೀನು ಎಳೆದಾಗ ಕೆಲಸಕ್ಕೆ ಬರುವುದು; ಎಸೆತಕ್ಕೂ ಅದಕ್ಕೂ ಸಂಬಂಧವಿಲ್ಲ. ಎಡಮಗ್ಗುಲಲ್ಲಿ ಒಂದರಿಂದ ಹತ್ತರವರೆಗೆ ಅಂಕಿ ಬರೆದ ಬಿಲ್ಲೆ. ಅದು ಬ್ರೇಕು, ಒಳಗೆ ಅಯಸ್ಕಾಂತವಿದೆ. ಬಲಮಗ್ಗುಲಲ್ಲಿ ಟೂತ್‌ಪೇಸ್ಟಿನ ಮುಚ್ಚಳದಷ್ಟು ಸಣ್ಣ ತಿರುಪು. ಅದು ಉರುಳೆಯನ್ನು ಪಕ್ಕದಿಂದ ಒತ್ತಿ ಬಿಗಿ ಮಾಡುವುದು. ಬ್ರೇಕಿಗೆ ಅಂಕಿ ಉಂಟು, ಬಿಗಿಗೆ ಇಲ್ಲ.

ಅಂಕಿ ಇಲ್ಲದ ಕಡೆ ಭಾವ ತಮ್ಮದೇ ಗುರುತು ಹಾಕಿಕೊಂಡಿದ್ದಾರೆ. ಅಕ್ಕನ ನೈಲ್‌ಪಾಲಿಶ್‌ನಿಂದ ತಿರುಪಿನ ಮೇಲೊಂದು ಕೆಂಪು ಚುಕ್ಕೆ, ಪಕ್ಕದ ಲೋಹದ ಮೇಲೊಂದು. ಚುಕ್ಕೆಗೆ ಚುಕ್ಕೆ, ಬಿಗಿ ಪಕ್ಕಾ. ಬೇರೆ ತೂಕದ ಮೀನು ಕಟ್ಟಿದರೆ ಬಿಗಿಯನ್ನೂ ಬದಲಿಸಬೇಕಂತೆ. ಭಾವ ಎರಡನ್ನೂ ಬದಲಿಸುವವರಲ್ಲ. ಎಂಟು ವರ್ಷದಿಂದ ಅದೇ ತಗಡಿನ ಮೀನು, ಅದೇ ಚುಕ್ಕೆ. ರೀಲನ್ನು ಅವರಲ್ಲದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಬಂದ ದಿನವೇ ನನಗೆ ಹೇಳಿದ್ದರು: "ನೋಡಯ್ಯಾ ಪ್ರಾಸಪ್ಪ, ಕಾಗುಣಿತ ತಿದ್ದೋ ಕೈಗೆ ಇದು ಬೇಡ."

ಭಾನುವಾರ ಎಸೆಯುವ ಮುಂಚೆ ಅವರು ಚುಕ್ಕೆ ನೋಡಿದರು. ನಾನೇ ಸಾಕ್ಷಿ. ಚುಕ್ಕೆಗೆ ಚುಕ್ಕೆ ಕೂಡಿತ್ತು, ಬ್ರೇಕು ಆರರಲ್ಲಿತ್ತು. ಆದ್ದರಿಂದ ಯಂತ್ರದ ತಪ್ಪಿಲ್ಲ. ಉಳಿದದ್ದು ಗಾಳಿ. ಗಾಳಿಯನ್ನು ವಿಚಾರಣೆಗೆ ಕರೆಯುವುದು ಹೇಗೆಂದು ಸಭೆ ಯೋಚಿಸುತ್ತಿದೆ.

ಮಾರ್ಚ್ 6, ಗುರುವಾರ

ಅಕ್ಕ ಭಾವನ ಜೊತೆ ಮಾತು ಬಿಟ್ಟಿದ್ದಾಳೆ. ಏಳೋಣ ಅಂದಾಗ ಎದ್ದಿದ್ದರೆ ಆಗುತ್ತಿತ್ತಲ್ಲ ಎಂಬುದು ಅವಳ ಸಿಟ್ಟು. ನಾನು ಅಂಚೆಯವನಾಗಿದ್ದೇನೆ. ಗಂಡ ಎರಡು ಮೊಳ ದೂರದಲ್ಲೇ ಕೂತಿದ್ದರೂ ನನ್ನ ಕಡೆ ತಿರುಗಿ, ನಿಮ್ಮ ಭಾವನಿಗೆ ಹೇಳು ಕಣ್ಣಿಗೆ ಹನಿ ಹಾಕುವ ಹೊತ್ತಾಯಿತು ಎನ್ನುತ್ತಾಳೆ. ನಾನು ಭಾವನ ಕಡೆ ತಿರುಗುವಷ್ಟರಲ್ಲಿ ಅವರು ಸೀಸೆ ಹಿಡಿದು ನಿಂತಿರುತ್ತಾರೆ. ಕೆಲಸವೇ ಇಲ್ಲದ ಅಂಚೆ, ಆದರೂ ನಿಲ್ಲಿಸುವಂತಿಲ್ಲ.

ಸಂಜೆ ಬಟ್ಟೆ ಒಣಹಾಕುವಾಗ ಭಾವನನ್ನು ಕೆಣಕಿದೆ. ಬ್ರೇಕು ಇರುವಾಗ ಬಿಗಿ ಯಾಕೆ, ಬಿಗಿ ಇರುವಾಗ ಬ್ರೇಕು ಯಾಕೆ ಅಂತ. ನಾಲ್ಕು ದಿನದಲ್ಲಿ ಮೊದಲ ಸಲ ಅವರ ಮುಖ ಬಿಚ್ಚಿಕೊಂಡಿತು. ಕೈಯಲ್ಲಿದ್ದ ಒದ್ದೆ ಅಂಗಿ ಹಿಡಿದೇ ಪಾಠ ಮಾಡಿದರು. ಎಸೆದ ಕೂಡಲೇ ಉರುಳೆ ಹುಚ್ಚು ಕುದುರೆ. ಆ ಮೊದಲ ನೆಗೆತವನ್ನು ಹಿಡಿಯುವುದು ಬ್ರೇಕು. ಕುದುರೆಯ ಜೀನು ಸಡಿಲವಾಗದಂತೆ ಮೊದಲಿನಿಂದ ಕೊನೆವರೆಗೆ ಕಾಯುವುದು ಬಿಗಿ. ಜೀನೇ ಸಡಿಲವಾದರೆ ಲಗಾಮು ಎಷ್ಟು ಜಗ್ಗಿ ಏನು ಫಲ?

"ದಾರ ಹೋಗೋದಕ್ಕಿಂತ ಉರುಳೆ ಜೋರಾಗಿ ತಿರುಗಬಾರದು, ಅಷ್ಟೇ ವಿದ್ಯೆ," ಅಂದರು. "ತಿರುಗಿದ್ರೆ ಗೂಡು ಕಟ್ತು ಅಂತಲೇ."

ಬಿಗಿ ಸರಿಯಿದೆಯೋ ಇಲ್ಲವೋ ನೋಡುವುದು ಹೇಗೆ ಎಂದು ಕೇಳಿದೆ. ಕೋಲನ್ನು ಅಡ್ಡ ಹಿಡಿದು ಮೀನನ್ನು ಕೆಳಗೆ ಬಿಡಬೇಕು. ನಿಧಾನ ಇಳಿದು ನೆಲ ಮುಟ್ಟಿದಾಗ ಉರುಳೆ ತಾನಾಗಿ ನಿಂತರೆ ಸರಿ. ನಿಲ್ಲದೆ ತಿರುಗುತ್ತಿದ್ದರೆ ಸಡಿಲ. ಹಾಗಾದರೆ ದಿನಾ ಹಾಗೆ ನೋಡುತ್ತೀರಾ ಎಂದೆ. ಚುಕ್ಕೆ ಇರುವಾಗ ಯಾಕೆ ಎಂದರು. ಆಮೇಲೆ ತಮ್ಮ ಹೆಬ್ಬೆರಳನ್ನೇ ನೋಡುತ್ತ ನಿಂತರು. ಅಂಗಿಯ ನೀರು ಅವರ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

ಮಾರ್ಚ್ 8, ಶನಿವಾರ

ಸೀಟಿಯಣ್ಣ ಬಂದಿದ್ದರು. ಭಾವನ ಕ್ರೇನಿನ ಕೆಳಗೆ ನಿಂತು ಸೀಟಿ ಊದಿ, ಎತ್ತು, ಇಳಿಸು ಎಂದು ಸನ್ನೆ ಮಾಡುವವರು. ಕಿತ್ತಳೆಹಣ್ಣು ತಂದಿದ್ದರು. ಅಕ್ಕನಿಗೆಂದು ತಂದು ಮಾತಿನ ಭರದಲ್ಲಿ ಮೂರನ್ನು ತಾವೇ ತಿಂದರು.

ಅವರ ಎದುರಿಗೇ ಭಾವ ಹೇಳಿದರು. ರಜೆ ಹದಿನಾರಕ್ಕೆ ಮುಗಿಯುತ್ತದೆ. ಹದಿನೇಳರ ಬೆಳಗ್ಗೆ ಪತ್ರ ಕೊಟ್ಟು ಕ್ರೇನಿನಿಂದ ಇಳಿಯುತ್ತಾರೆ. ಉಗ್ರಾಣದಲ್ಲಿ ಚೀಟಿ ಬರೆಯುವ ಕೆಲಸವಾದರೂ ಸರಿ.

"ಯಾವುದೋ ಒಂದು ಮೀನಿನ ವಿಷಯಕ್ಕೆ?" ಅಂದರು ಸೀಟಿಯಣ್ಣ.

"ಎಂಟು ವರ್ಷದಿಂದ ಎಸೆದ ಕೈ. ಚುಕ್ಕೆ ಸರಿ, ಬ್ರೇಕು ಸರಿ. ಕೈಯೊಂದೇ ತಪ್ಪಿದ್ದು. ನಾಳೆ ನಿನ್ನ ತಲೆ ಮೇಲೆ ಇಪ್ಪತ್ತು ಟನ್ ತೂಗಾಡ್ತಿರುವಾಗ ತಪ್ಪಿದ್ರೆ?"

ಸೀಟಿಯಣ್ಣ ನಾಲ್ಕನೆಯ ಹಣ್ಣನ್ನು ಬುಟ್ಟಿಗೆ ವಾಪಸು ಇಟ್ಟರು. ಯಾರಾದರೂ ರೀಲು ಮುಟ್ಟಿರಬಹುದಲ್ಲವೇ ಎಂದರು. ಯಾರು ಮುಟ್ಟುತ್ತಾರೆ, ಮನೆಯಲ್ಲಿ ಇರುವುದೇ ನಾವು ಎಂದರು ಭಾವ. ಸೀಟಿಯಣ್ಣನ ಕಣ್ಣು ನನ್ನ ಮೇಲೆ ಬಿತ್ತು. ನಾನು ಆಗ ಹೆಗಲು ತುರಿಸಿಕೊಳ್ಳುತ್ತಿದ್ದೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಅಂದು ಅವರು ನಕ್ಕರು. ಭಾವನೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಸೊಳ್ಳೆ ಕಚ್ಚಿತ್ತು. ಸಭೆಯ ಕಡತದಲ್ಲಿ ದಾಖಲಾಗಲಿ.

ಮಾರ್ಚ್ 9, ಭಾನುವಾರ

ಆ ತಿರುಪು ಒಂದು ಸುತ್ತಿಗೆ ನಿಲ್ಲುವುದಿಲ್ಲ.

ಬಿಗಿಯ ಕಡೆಗೆ ತಿರುಗಿಸಿದೆ. ಚುಕ್ಕೆ ಚುಕ್ಕೆಯನ್ನು ಬಿಟ್ಟು ಹೊರಟಿತು, ಪೂರ್ತಿ ಸುತ್ತು ಬಂದು ಮತ್ತೆ ಕೂಡಿತು. ಇನ್ನೂ ತಿರುಗುತ್ತದೆ. ಸಡಿಲದ ಕಡೆಗೂ ಹಾಗೇ. ಸುತ್ತು ಎಣಿಸಿಕೊಂಡು ಮೊದಲಿದ್ದಲ್ಲಿಗೇ ತಂದೆ. ಚುಕ್ಕೆಗೆ ಚುಕ್ಕೆ ಕೂಡುವ ಜಾಗ ಒಂದಲ್ಲ, ನಾಲ್ಕೈದು. ತಿರುಪು ಎಲ್ಲಿದೆ ಎಂದು ಚುಕ್ಕೆ ಹೇಳುತ್ತದೆ, ಎಷ್ಟನೆಯ ಸುತ್ತಿನಲ್ಲಿದೆ ಎಂದು ಹೇಳುವುದಿಲ್ಲ.

ಸಭೆಯ ಗಮನಕ್ಕೆ ಒಂದು ಮಾತು. ಮಾರ್ಚ್ ಒಂದು, ಶನಿವಾರ ಸಂಜೆ, ಭಾವ ಪಾಳಿಗೆ ಹೋಗಿದ್ದಾಗ, ಅಕ್ಕ ಅಂಗಡಿಗೆ ಹೋಗಿದ್ದಾಗ, ಸದಸ್ಯರೊಬ್ಬರು ಕುತೂಹಲದಿಂದ ಆ ರೀಲನ್ನು ಕೈಗೆತ್ತಿಕೊಂಡು ತಿರುಪನ್ನು ಅತ್ತಿತ್ತ ತಿರುಗಿಸಿದ್ದರು. ಆಮೇಲೆ ಚುಕ್ಕೆಗೆ ಚುಕ್ಕೆ ಕೂಡಿಸಿ ಇದ್ದಲ್ಲೇ ಇಟ್ಟಿದ್ದರು. ಸದರಿ ಸದಸ್ಯರಿಗೆ ಸುತ್ತಿನ ವಿಷಯ ತಿಳಿದಿರಲಿಲ್ಲ.

ಸಭೆಯನ್ನು ಮುಂದೂಡಲಾಗಿದೆ.

ಮಾರ್ಚ್ 11, ಮಂಗಳವಾರ

ಗೂಡು ಬಿಡಿಸದೆ ಉರುಳೆ ತಿರುಗದು, ಉರುಳೆ ತಿರುಗದೆ ಪರೀಕ್ಷೆ ಆಗದು. ಅಕ್ಕನ ಕಸೂತಿ ಸೂಜಿ ಹಿಡಿದು ಒಂದೂವರೆ ಗಂಟೆ ಕೂತೆ. ಒಂದು ಎಳೆ ಬಿಡಿಸಿದರೆ ಎರಡು ಸಿಕ್ಕುಬೀಳುತ್ತಿತ್ತು.

ಪಕ್ಕದ ಮಂಚದಿಂದ ಅಕ್ಕ ಕೈ ಚಾಚಿದಳು. ಓದುವಂತಿಲ್ಲ, ಬಗ್ಗುವಂತಿಲ್ಲ, ಒಂಬತ್ತು ದಿನದಿಂದ ಸೂರು ನೋಡುತ್ತ ಬೇಸತ್ತವಳು. "ಕೊಡೋ ಇಲ್ಲಿ. ನಿನ್ನ ಬೂಟಿನ ಲೇಸು ಬಿಚ್ಚಿದವಳೂ ನಾನೇ."

ಕೊಡಲೇಬೇಕಾಯಿತು. ಇರುವ ಒಂದು ಕಣ್ಣನ್ನೂ ಮುಚ್ಚಿಕೊಂಡು ಬೆರಳಿನಲ್ಲೇ ತಡವಿದಳು. ಇದೇ ಅಲ್ವಾ ಆವತ್ತಿನದು ಎಂದಳು. ಹೂಂ ಎಂದೆ. ಮೇಲಿನ ಎಳೆ ಎಳೆಯುವುದನ್ನು ಬಿಟ್ಟು, ಎಲ್ಲಿ ಅಡಿಯ ಸುತ್ತು ಮೇಲೆ ಬಂದಿದೆಯೋ ಅಲ್ಲಿ ಉಗುರು ತೂರಿಸಿದಳು. ಕಾಲು ಗಂಟೆಯಲ್ಲಿ ಅರ್ಧ ಬಿಟ್ಟಿತ್ತು. ಅಷ್ಟು ಸಣ್ಣ ಉರುಳೆಯಲ್ಲಿ ಇಷ್ಟು ದಾರ ಎಲ್ಲಿತ್ತೋ, ಅವಳ ಹೊದಿಕೆಯ ತುಂಬ ಹರಡಿತು.

"ಅವರು ಎಸೆಯೋಕೆ ಮುಂಚೆ ನೀನೇನೋ ಹೇಳೋಕೆ ಬಾಯಿ ತೆಗೆದೆ," ಎಂದಳು, ಬೆರಳು ನಿಲ್ಲಿಸದೆ. "ಏನದು?"

"ಆಕಳಿಕೆ ಅಕ್ಕ."

"ಆಕಳಿಕೆನಾ?"

"ಗಾಳಿಗೆ ಬಂತು."

ಕೊನೆಯ ಕುಣಿಕೆ ಬಿಡಿಸಿ ರೀಲನ್ನು ನನ್ನ ಕೈಗೆ ಇಟ್ಟಳು. ಆಮೇಲೆ ಗೋಡೆಯ ಕಡೆ ತಿರುಗಲು ಹೋಗಿ, ಆ ಮಗ್ಗುಲಿಗೆ ಮಲಗಬಾರದೆಂದು ನೆನಪಾಗಿ, ಸೂರನ್ನೇ ನೋಡಿದಳು.

ಮಾರ್ಚ್ 12, ಬುಧವಾರ

ಮಾಳಿಗೆಯಲ್ಲಿ ಪರೀಕ್ಷೆ. ಅದೇ ತಗಡಿನ ಮೀನು. ಕೊಕ್ಕೆಗಳ ಮೇಲೆ ಒಣಗಿದ್ದನ್ನು ಯಾರೂ ತೊಳೆದಿರಲಿಲ್ಲ. ತೊಳೆದೆ.

ಪೆಟ್ಟಾದ ಭಾನುವಾರ ಇದ್ದ ಹಾಗೆ ಚುಕ್ಕೆಗೆ ಚುಕ್ಕೆ: ಮೀನು ಕಲ್ಲಿನಂತೆ ಬಿತ್ತು. ನೆಲ ಮುಟ್ಟಿದ ಮೇಲೂ ಉರುಳೆ ತಿರುಗುತ್ತಲೇ ಇತ್ತು, ಸಣ್ಣ ಗೂಡು ಕಟ್ಟಿತು.

ಒಂದು ಪೂರ್ತಿ ಸುತ್ತು ಬಿಗಿದು ಮತ್ತೆ ಚುಕ್ಕೆಗೆ ಚುಕ್ಕೆ: ನಿಧಾನ ಇಳಿಯಿತು. ಮುಟ್ಟಿತು. ನಿಂತಿತು.

ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ ಹಾಗೇ.

ಮಾರ್ಚ್ 13, ಗುರುವಾರ

ಮಧ್ಯಾಹ್ನ ಭಾವ ಒಂದು ಹಾಳೆ ತಂದು ನನ್ನ ಮುಂದೆ ಇಟ್ಟರು. "ತಪ್ಪಿದ್ರೆ ತಿದ್ದಪ್ಪ. ಇಪ್ಪತ್ತಾರು ವರ್ಷದಲ್ಲಿ ಆಫೀಸಿಗೆ ಬರೀತಿರೋ ಮೊದಲ ಪತ್ರ. ನಗಬಾರದು ಅವರು."

ದುಂಡಗಿನ ಅಕ್ಷರ. ಕ್ರೇನಿನಿಂದ ಇಳಿಸಿದ ಪೆಟ್ಟಿಗೆಗಳಂತೆ ಒಂದೊಂದೇ ಪದ, ನಡುವೆ ಸಮ ಜಾಗ. 'ನನ್ನ ಬಲಗೈಯ ಹೆಬ್ಬೆರಳಿನ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ಇದರಿಂದ ಇತರರ ಪ್ರಾಣಕ್ಕೆ ಅಪಾಯವಾದೀತೆಂದು' ಇತ್ಯಾದಿ. ಪ್ರಾಣಕ್ಕೆ ಎಂಬಲ್ಲಿ ಒತ್ತಕ್ಷರ ಬಿಟ್ಟುಹೋಗಿತ್ತು, ಹಾಕಿದೆ. ಒಂದು ಅಲ್ಪವಿರಾಮ ತೆಗೆದೆ. ಕೊನೆಯಲ್ಲಿ 'ತಮ್ಮ ವಿಶ್ವಾಸಿ' ಎಂದಿದ್ದುದನ್ನು ಹಾಗೇ ಬಿಟ್ಟೆ.

"ಅಷ್ಟೇನಾ? ಬೇರೆ ತಪ್ಪಿಲ್ವಾ?"

ಇಲ್ಲ ಎಂದೆ.

ಪರವಾಗಿಲ್ಲ ನಾನು ಎಂದರು ಭಾವ. ಹೆಮ್ಮೆಯಿಂದ ಹಾಳೆ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

ಮಾರ್ಚ್ 14, ಶುಕ್ರವಾರ

ಪಟ್ಟಿ ಬಿಚ್ಚಿದರು.

ಡಾಕ್ಟರು ಅಕ್ಕನ ಎಡಗಣ್ಣು ಮುಚ್ಚಿಸಿ ಮೂರು ಬೆರಳು ತೋರಿಸಿದರು. ಎರಡು ಎಂದಳು. ಕಿಟಕಿ ಎಲ್ಲಿ ಎಂದರು. ಸರಿಯಾಗಿ ತೋರಿಸಿದಳು. ಕಣ್ಣು ಹೋಗಿಲ್ಲ, ಇನ್ನಷ್ಟು ತಿಳಿಯಾಗುತ್ತದೆ, ಮೊದಲಿನಷ್ಟು ಆಗುತ್ತದೆಂದು ಮಾತು ಕೊಡಲಾರೆ ಎಂದರು. ಭಾವ ಬಾಗಿಲಿಗೆ ಆತು ನಿಂತಿದ್ದರು, ಒಳಗೆ ಬರಲು ಧೈರ್ಯವಿಲ್ಲದೆ.

ಅಕ್ಕ ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಬಲಗಣ್ಣಿನಲ್ಲಿ ಅವರನ್ನು ತುಂಬ ಹೊತ್ತು ನೋಡಿದಳು.

"ಏನ್ರೀ, ಗಡ್ಡ ಬಿಟ್ಟಿದೀರೋ, ಮುಖಕ್ಕೆ ಮಸಿ ಮೆತ್ಕೊಂಡಿದೀರೋ? ಒಂದೂ ಗೊತ್ತಾಗ್ತಿಲ್ಲ."

ಹನ್ನೆರಡು ದಿನದಲ್ಲಿ ನೇರವಾಗಿ ಆಡಿದ ಮೊದಲ ಮಾತು. ಭಾವ ಗಡ್ಡ ಎಂದರು. ಅಷ್ಟೇ ಹೇಳಲು ಆದದ್ದು. ನನ್ನ ಅಂಚೆ ಕಚೇರಿ ಮುಚ್ಚಿತು.

ಮನೆಗೆ ಬರುವ ದಾರಿಯಲ್ಲಿ ಭಾವ ಅಕ್ಕನ ಕೈ ಹಿಡಿದು ರಸ್ತೆ ದಾಟಿಸಿದರು, ಎಡಗೈಯಿಂದ. ಬಲಗೈ ಜೇಬಿನಲ್ಲೇ ಇತ್ತು.

ಮಾರ್ಚ್ 16, ಭಾನುವಾರ

ಹೇಳಿದೆ.

ಭಾವ ಮಾಳಿಗೆಯಲ್ಲಿ ನಾಳೆಯ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ರೀಲನ್ನು ಕೋಲಿಗೆ ಜೋಡಿಸಿ ಒಯ್ದೆ. ಮಾತಾಡದೆ ಮೊದಲು ತೋರಿಸಿದೆ: ಚುಕ್ಕೆಗೆ ಚುಕ್ಕೆ, ಮೀನು ಕಲ್ಲಿನಂತೆ ಬಿತ್ತು. ಒಂದು ಸುತ್ತು ಬಿಗಿದೆ, ಮತ್ತೆ ಚುಕ್ಕೆಗೆ ಚುಕ್ಕೆ. ಇಳಿಯಿತು, ನಿಂತಿತು. ಭಾವ ಕೋಲು ಕಿತ್ತುಕೊಂಡು ತಾವೇ ಮಾಡಿ ನೋಡಿದರು. ಪಾಲಿಶಿನ ಕಪ್ಪು ತಿರುಪಿಗೆ ಹತ್ತಿತು.

"ಯಾರು ತಿರುಗಿಸಿದ್ದು?"

"ನಾನು. ಹಿಂದಿನ ದಿನ ಸಂಜೆ."

"ಎಷ್ಟು ಸುತ್ತು?"

"ವಾಪಸು ತರುವಾಗ ಒಂದು ಕಮ್ಮಿಯಾಯ್ತು."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಭಾವ ಬೂಟಿನ ಪಕ್ಕ ನೆಲದ ಮೇಲೆ ಕೂತರು. ಬಲಗೈಯ ಹೆಬ್ಬೆರಳನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು, ಯಾರದೋ ಕೈಯಲ್ಲಿದ್ದದ್ದು ವಾಪಸು ಬಂದಂತೆ.

"ಕ್ರೇನಿನಲ್ಲಿ ದಿನಾ ಬೆಳಗ್ಗೆ ಭಾರ ಒಂದು ಗೇಣು ಎತ್ತಿ, ನಿಲ್ಲಿಸಿ, ಬ್ರೇಕು ನೋಡ್ತೀನಿ," ಎಂದರು. "ಇಪ್ಪತ್ತಾರು ವರ್ಷ ತಪ್ಪಿಸಿಲ್ಲ. ಇದಕ್ಕೆ ಮಾತ್ರ ಒಂದು ಚುಕ್ಕೆ ಇಟ್ಟು ನಂಬಿಕೊಂಡೆ. ಮೀನು ಒಂದು ಸಲ ಕೆಳಗೆ ಬಿಟ್ಟು ನೋಡಿದ್ರೆ ಆಗ್ತಿತ್ತು. ಸೋಮಾರಿತನ ನಂದು. ನಿಂಗೆ ಸುತ್ತಿನ ವಿಷಯ ಗೊತ್ತಿರಲಿಲ್ಲ, ಬಿಡು."

ಜೇಬಿನಿಂದ ಪತ್ರ ತೆಗೆದು ನಾಲ್ಕಾಗಿ ಹರಿದರು. ನಾನು ಹಾಕಿದ ಒತ್ತಕ್ಷರ ಎರಡು ಚೂರಿನಲ್ಲಿ ಹಂಚಿಹೋಯಿತು.

ಊಟದ ಹೊತ್ತಿಗೆ ಅಕ್ಕನಿಗೂ ಅವರೇ ಹೇಳಿದರು, ನನ್ನ ಪರವಾಗಿ ವಕಾಲತ್ತು ವಹಿಸಿದವರಂತೆ. ಅಕ್ಕ ತಟ್ಟೆಯಿಂದ ಮುಖ ಎತ್ತಲಿಲ್ಲ.

"ಗೊತ್ತಿದ್ರೆ ಹೇಳದೆ ಇರ್ತಿದ್ನಾ," ಎಂದಳು. ಆಮೇಲೆ ಮುಖ ಎತ್ತಿದಳು. "ಅಲ್ವೇನೋ?"

ಎರಡು ಕಣ್ಣೂ ನನ್ನ ಮೇಲಿದ್ದವು. ಒಂದರಲ್ಲಿ ನಾನು ಮಸುಕಾಗಿ ಕಾಣುತ್ತಿರಬೇಕು. ಇನ್ನೊಂದು ಕಣ್ಣು ಚೆನ್ನಾಗಿದೆ.

ತಲೆಯಾಡಿಸಿದೆ.

ಮಾರ್ಚ್ 17, ಸೋಮವಾರ

ಭಾವ ಆರೂವರೆಗೆ ಹೊರಟರು. ಕೆಳಗೆ ಸೀಟಿಯಣ್ಣ ಕಾಯುತ್ತಿದ್ದರು. ಅಕ್ಕ ಬಾಗಿಲವರೆಗೆ ಹೋಗಿ ಬಂದಳು. ಒಳಗೆ ಬಟ್ಟಲು ತೊಳೆಯುತ್ತಿದ್ದಾಳೆ, ಒಂದೊಂದನ್ನೂ ಎಡಗಣ್ಣಿನ ಹತ್ತಿರ ಹಿಡಿದು.

ಸಭಿಕರೇ

ಸಭೆ ಇಲ್ಲ. ಯಾವತ್ತೂ ಇರಲಿಲ್ಲ.

ಆ ಶನಿವಾರ ಚುಕ್ಕೆ ಕೂಡಿಸಿದ ಮೇಲೆ ಉರುಳೆಯನ್ನು ಬೆರಳಿನಲ್ಲಿ ಅಲ್ಲಾಡಿಸಿ ನೋಡಿದ್ದೆ. ಎಡಕ್ಕೂ ಬಲಕ್ಕೂ ಲೊಟಲೊಟ ಎಂದಿತ್ತು. ನಾನು ಮುಟ್ಟುವ ಮುಂಚೆ ಹಾಗೆ ಅನ್ನುತ್ತಿರಲಿಲ್ಲ. ಸುತ್ತಿನ ವಿಷಯ ಗೊತ್ತಿರಲಿಲ್ಲ, ನಿಜ. ಏನೋ ಕೆಡಿಸಿದ್ದೇನೆ ಎಂಬುದು ಗೊತ್ತಿತ್ತು. ಮರುದಿನ ಕಟ್ಟೆಯ ಮೇಲೆ ಭಾವ ಕೋಲು ಎತ್ತಿದಾಗ ಅದೇ ಸದ್ದು ನನ್ನ ಕಿವಿಗೆ ಬಿತ್ತು. ಬಾಯಿ ತೆರೆದೆ. ಮುಟ್ಟಿದ್ದು ತಿಳಿದರೆ ಕಾಗುಣಿತದ ಕೈ ಅಂತ ನಗುತ್ತಾರಲ್ಲ ಎಂದುಕೊಂಡೆ. ಮುಚ್ಚಿದೆ.

ಆಕಳಿಕೆ ಅಲ್ಲ ಅಕ್ಕ.